ಹಿಮಾನಿಯ ಎರವಲು ನಾಲಿಗೆ

"ಸರ್... ನನಗೆ ಉಸಿರಾಡೋಕೆ ಆಗ್ತಿಲ್ಲ... ಜಟ್ಟೆಮ್ಮ ಕಷಾಯದಲ್ಲಿ ಏನೋ ಬೆರೆಸಿದ್ದಾಳೆ... ದಯವಿಟ್ಟು ಬೇಗ ಬನ್ನಿ ಸರ್... ನನಗೆ... ನನಗೆ ಸಾಯೋಕೆ ಇಷ್ಟ ಇಲ್ಲ..."

ಮೊಬೈಲು ಸುಮ್ಮನಾಯಿತು. ಇನ್‌ಸ್ಪೆಕ್ಟರ್ ಮುನಿವೆಂಕಟಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಎಷ್ಟು ಸಲ ಕೇಳಿದ್ರೂ ಕರುಳು ಕಿತ್ತು ಬರುತ್ತೆ ಕಣ್ರೀ."

ಎದುರಿನ ಕುರ್ಚಿಯಲ್ಲಿದ್ದ ಹಂಸಳ ಕಣ್ಣು ಒದ್ದೆಯಾಗಲಿಲ್ಲ. ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಖಾಸಗಿ ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡಿರುವವಳು ಆಕೆ. ಅವಳ ಚೀಲದೊಳಗೆ ಇನ್ನೊಂದು ಮೊಬೈಲು ಸದ್ದಿಲ್ಲದೆ ಆ ಧ್ವನಿಯನ್ನು ಹಿಡಿದಿಟ್ಟುಕೊಂಡಿತ್ತು. ಪಕ್ಕದಲ್ಲಿ ಕುರ್ಚಿ ಖಾಲಿ ಇದ್ದರೂ ಕೂರದೆ ನಿಂತವಳು ಸೌಂದರ್ಯಾ. ಜಟ್ಟೆಮ್ಮನ ಮಗಳು. ತಾಯಿಯನ್ನು ಉಳಿಸಿಕೊಡಿ ಎಂದು ಹಂಸಳನ್ನು ಕರೆತಂದವಳು.

ಪುಲಿಕೇಶಿನಗರದ ಮನೆಯಲ್ಲಿ ವಿದೇಶಿ ನಟಿ ಹಿಮಾನಿ ಸತ್ತು ಬಿದ್ದಿದ್ದಳು. ಕಷಾಯದ ಲೋಟದಲ್ಲಿ ನಿದ್ದೆ ಮಾತ್ರೆ ಅರೆದ ಪುಡಿ ಸಿಕ್ಕಿತ್ತು. ಕಷಾಯ ಕಾಸಿದ ಕೈ ಮನೆಗೆಲಸದ ಜಟ್ಟೆಮ್ಮನದು. ನಾಳೆ ಪೊಲೀಸ್ ಕಸ್ಟಡಿ ಮುಗಿದು ಜಟ್ಟೆಮ್ಮ ಕೊಲೆ ಆರೋಪಿಯಾಗಿ ಕೋರ್ಟಿಗೆ, ಅಲ್ಲಿಂದ ಜೈಲಿಗೆ.

"ಸಾಯೋಳು ಸುಳ್ಳು ಹೇಳಲ್ಲ. ಕೋರ್ಟೂ ಅದನ್ನೇ ನಂಬುತ್ತೆ," ಅಂದರು ಇನ್‌ಸ್ಪೆಕ್ಟರ್. "ಪ್ರೊಡ್ಯೂಸರ್ ಶ್ರೀನಾಥ್ ಅವರ ಫೋನಿಗೆ ಅವತ್ತು ಬಂದ ಮೆಸೇಜು ಇದು. ಹಿಮಾನಿ ಫೋನಿಂದಲೇ ಬಂದಿದೆ. ಇನ್ನೇನು ಬೇಕು?"

"ಇದು ಹಿಮಾನಿ ಧ್ವನಿನೇ ಅಂತ ಹೇಗೆ ಗೊತ್ತಾಯ್ತು ಸರ್?"

ಮುನಿವೆಂಕಟಪ್ಪ ಕನ್ನಡಕ ಹಾಕಿಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಯಾವೂರ್ರೀ ನಿಮ್ದು?"

"ಇಲ್ಲೇ ಸರ್, ಕೆ.ಆರ್.ಪುರದ ಹತ್ರ."

"ಮತ್ತೆ? ಈ ಊರಲ್ಲಿ ಹುಟ್ಟಿ ಹಿಮಾನಿ ಧ್ವನಿ ಗೊತ್ತಿಲ್ಲ ಅಂತೀರಲ್ಲ. ಅವಳ ಒಂದು ಪಿಕ್ಚರೂ ಬಿಟ್ಟೋನಲ್ಲ ನಾನು. ನಮ್ಮ ಮಗಳ ರಿಂಗ್‌ಟೋನೇ ಅವಳ ಡೈಲಾಗು. ಎಲ್ಲಿಂದಲೋ ಬಂದು, ಮೂರೇ ತಿಂಗಳಲ್ಲಿ ಕನ್ನಡ ಕಲಿತು, ತನ್ನ ಪಾತ್ರಕ್ಕೆ ತಾನೇ ಮಾತಾಡಿದೋಳು. ಇಲ್ಲಿ ಇಪ್ಪತ್ತು ವರ್ಷದಿಂದ ಇರೋರಿಗೆ ಇನ್ನೂ 'ಕನ್ನಡ ಗೊತ್ತಿಲ್ಲ' ಅನ್ನೋದೊಂದೇ ಕನ್ನಡ ಬರೋದು."

ಆ ಕಥೆ ಯಾರಿಗೆ ಗೊತ್ತಿರಲಿಲ್ಲ? ಪೇಟೆಯ ಸಂಘವೊಂದು ಅವಳಿಗೆ ಕನ್ನಡದ ಕಿನ್ನರಿ ಎಂದು ಬಿರುದು ಕೊಟ್ಟಿತ್ತು. ವೇದಿಕೆಯಲ್ಲಿ ಅವಳು ತುಟಿ ಅಲ್ಲಾಡಿಸಿದ ವಿಡಿಯೋ ಪ್ರತಿ ನವೆಂಬರಿನಲ್ಲೂ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿತ್ತು. ಶಿವಾಜಿನಗರದ ಹಣ್ಣಿನ ವ್ಯಾಪಾರಿಗೆ, ಕಾಮಗಾರಿಯ ಬಿಹಾರಿ ಕೂಲಿಗೆ "ಅವಳನ್ನ ನೋಡಿ ಕಲೀರೋ" ಎಂದು ಬೈಯುವುದಕ್ಕೆ ಆ ಬಿಳಿ ಮುಖ ಒಂದು ಬೆತ್ತವಾಗಿತ್ತು.

"ಇದು ಹಿಮಾನಿ ಅಕ್ಕನ ಧ್ವನಿ ಅಲ್ರಿ."

ಸೌಂದರ್ಯಾ ಮಾತಾಡಿದ್ದು ಅದೇ ಮೊದಲು. ಮೆಸೇಜು ಕೇಳಿದ್ದೂ ಅದೇ ಮೊದಲು.

"ಏನಮ್ಮಾ?"

"ಅಕ್ಕ ಹಿಂಗ ಮಾತಾಡ್ತಿದ್ದಿಲ್ರಿ. ಇದು ಸಿನೆಮಾದಾಗಿಂದು. ಅಕ್ಕಂದು ಇಲ್ಲಿ ಅದ, ಕೇಳ್ರಿ."

ತನ್ನ ಮೊಬೈಲು ತೆಗೆದು ಅವಳೊಂದು ಹಳೆಯ ಮೆಸೇಜು ಒತ್ತಿದಳು. ದಪ್ಪ, ಸ್ವಲ್ಪ ಒರಟಾದ ಹೆಣ್ಣು ಧ್ವನಿ:

"ಸೌಂದರ್ಯಾ, ಯವ್ವಗ ಹೇಳು, ನಾ ಬರೂದು ತಡ ಆಗ್ತದ. ರೊಟ್ಟಿ ಬಡದು ಇಡು ಅನ್ನು. ಶೇಂಗಾ ಹಿಂಡಿ ಮುಗಿಸಬ್ಯಾಡ್ರಿ ಮತ್ತ, ಕಳ್ಳರು ಅದೀರಿ ಇಬ್ರೂ..." ಕೊನೆಗೆ ಹೊಟ್ಟೆಯಿಂದ ಬಂದ ನಗು.

ಇನ್‌ಸ್ಪೆಕ್ಟರೂ ನಕ್ಕರು. ಪಕ್ಕದ ಕಾನ್‌ಸ್ಟೇಬಲ್ಲೂ ನಕ್ಕ.

"ಇದು ಹಿಮಾನಿನಾ? ಯಾರೋ ಗಾರೆ ಕೆಲಸದೋಳ ಧ್ವನಿ ತಂದು ನನ್ನ ಕಿವಿಗೆ ಹೂವು ಇಡ್ತೀಯಾ?"

"ಅಕ್ಕನ ನಂಬರಿನಿಂದ್ಲೇ ಬಂದದ ನೋಡ್ರಿ."

"ನಿಮ್ಮಮ್ಮನೇ ಆ ಫೋನಿಂದ ಯಾರ ಕೈಲೋ ಮಾತಾಡಿಸಿ ಕಳಿಸಿರ್ತಾಳೆ."

"ಹಾಗಾದ್ರೆ ಇನ್ನೊಂದು ಮೆಸೇಜನ್ನೂ ಅದೇ ಫೋನಿಂದ ಬೇರೆಯವರು ಕಳಿಸಿರಬಹುದಲ್ವಾ ಸರ್?" ಹಂಸ ಕೇಳಿದಳು.

"ಫೋನ್ ಯಾರು ಬೇಕಾದ್ರೂ ಮುಟ್ಟಬಹುದು ರೀ. ಆ ಧ್ವನಿ? ಅದನ್ನ ಎಲ್ಲಿಂದ ತರ್ತಾರೆ?" ಮುನಿವೆಂಕಟಪ್ಪ ಮೇಜು ತಟ್ಟಿದರು. "ಈ ಧ್ವನಿ ಇನ್ನೊಬ್ಬರದು ಅಂತ ನನ್ನ ಮುಂದೆ ತೋರಿಸಿ. ನಾಳೆ ಕೋರ್ಟಲ್ಲಿ ನಾನೇ ನಿಂತು ಆಯಮ್ಮನ್ನ ಬಿಡಿ ಅಂತೀನಿ. ಇಲ್ಲಾಂದ್ರೆ ಸುಮ್ನೆ ಹೋಗ್ತಾ ಇರಿ. ಅರೆಸ್ಟ್ ಮಾಡಿದಾಗಿಂದ ನಿಮ್ಮ ಜಟ್ಟೆಮ್ಮ ಒಂದು ಮಾತೂ ಆಡಿಲ್ಲ. ತಪ್ಪು ಮಾಡದೋರು ಹಂಗೆ ಬಾಯಿ ಹೊಲ್ಕೊಂಡು ಕೂರ್ತಾರಾ?"

ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಅದೇ ಹಂಸಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಸುಳ್ಳು ಹೇಳುವವನ ಜೊತೆ ಜಗಳ ಆಡಬಹುದು. ಸುಳ್ಳನ್ನು ಪ್ರೀತಿಸುವವನ ಜೊತೆ ಏನು ಮಾಡುವುದು?

*

ಮಾಸ್ಕ್ ರೋಡಿನ ಹೋಟೆಲಿನಲ್ಲಿ ತಂದೂರಿನಿಂದ ಬಿಸಿ ನಾನ್ ರೊಟ್ಟಿ ಏಳುತ್ತಿತ್ತು. ಸೌಂದರ್ಯಾ ಚಹಾ ಮುಟ್ಟಲಿಲ್ಲ.

"ಅಕ್ಕಗ ಈ ನಾನ್ ಅಂದ್ರ ಜೀವ. ಅವರ ಊರಾಗೂ ಹಿಂಗೇ ಸುಡ್ತಾರಂತ. ಮೊದಲು ವಾಸನಿ ತಗೊಂಡು, ಆಮ್ಯಾಲೆ ತಿಂತಿದ್ಲು."

ಹಿಮಾನಿ ಎಂಬುದು ಶ್ರೀನಾಥ್ ಇಟ್ಟ ಹೆಸರು. ತಾಯಿ ಇಟ್ಟದ್ದು ಐನೂರಾ. ಕಿರ್ಗಿಸ್ತಾನದ ಓಶ್ ಎಂಬ ಊರಿನವಳು. ದೊಡ್ಡವರ ಮದುವೆಗಳಲ್ಲಿ, ಹೋಟೆಲಿನ ಪಾರ್ಟಿಗಳಲ್ಲಿ ಕುಣಿಸಲೆಂದು ಕರೆತಂದ ಹುಡುಗಿಯರ ಗುಂಪಿನಲ್ಲಿ ಬೆಂಗಳೂರಿಗೆ ಇಳಿದಳು. ಅಜ್ಜನ ರಾಗಿ ಹೊಲಗಳನ್ನು ಸೈಟು ಮಾಡಿ ಮಾರಿ ನಿರ್ಮಾಪಕನಾಗಿದ್ದ ಶ್ರೀನಾಥನ ಕಣ್ಣಿಗೆ ಬಿದ್ದಳು. ಮೊದಲ ಚಿತ್ರವೇ ಗೆದ್ದಿತು.

ಆಮೇಲೆ ಆದದ್ದನ್ನು ಈ ಉದ್ಯಮ ಇನ್ನೂ ಉಣ್ಣುತ್ತಿದೆ. ತೆಲುಗಿನವರು ಕೇಳಿದರು, ತಮಿಳಿನವರು ಕೇಳಿದರು, ಮುಂಬಯಿಯಿಂದ ಫೋನು ಬಂತು. ಹಿಮಾನಿಯಂಥವಳೇ ಬೇಕು ಎಂದು ಏಜೆಂಟರು ವಿಮಾನ ಹತ್ತಿದರು. ಕಳೆ ಕೀಳುವ ನಾಯಕಿ, ಇಟ್ಟಿಗೆ ಹೊರುವ ನಾಯಕಿ, ತುಳಸಿಗೆ ನೀರೆರೆಯುವ ನಾಯಕಿ, ಎಲ್ಲರದೂ ಬೆಣ್ಣೆ ಮೈ. ರಾಮಮೂರ್ತಿನಗರದ ಬ್ಯೂಟಿ ಪಾರ್ಲರುಗಳ ಹೊರಗೆ ಅವಳ ಮುಖ ನೇತಾಡುತ್ತಿತ್ತು. ಒಳಗೆ ಕಪ್ಪು ಮೈಯ ಹುಡುಗಿಯರು ಮುಖಕ್ಕೆ ಬಿಳಿ ಬಳಿಸಿಕೊಂಡು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಈ ನೆಲದ ಹೆಣ್ಣಿನ ಕಷ್ಟ ಬೇಕು, ಅವಳ ಬಣ್ಣ ಬೇಡ. ಅವಳ ಕಣ್ಣೀರು ಬೇಕು, ಅದು ಹರಿಯುವ ಕೆನ್ನೆ ಬೇಡ.

"ನಿಮ್ಮಮ್ಮ ಅವರ ಮನೆ ಸೇರಿದ್ದು ಹೇಗೆ?"

"ನಾವು ಯಾದಗಿರಿ ಕಡಿಯವ್ರು. ಕೆ.ಆರ್.ಪುರದಾಗ ಕಟ್ಟಡದ ಕೆಲಸಕ್ಕಿದ್ವಿ. ಅಲ್ಲೇ ಒಂದು ಹಾಡು ತಗೀಲಕ ಬಂದ್ರು. ಅಕ್ಕಗ ಕೂಲಿ ಹೆಣ್ಮಗಳ ವೇಷ. ಬಾಂಡ್ಲಿ ಹ್ಯಾಂಗ ಹಿಡೀಬೇಕು ಗೊತ್ತಿಲ್ಲ. ಯವ್ವ ಹೋಗಿ ತಲಿಮ್ಯಾಲ ಸಿಂಬಿ ಸುತ್ತಿ ತೋರಿಸಿದ್ಳು. ಅವತ್ತಿಂದ ಯವ್ವನ್ನ ಬಿಡಲಿಲ್ಲ ಆಕಿ. ಕನ್ನಡ ಯವ್ವನ ಬಾಯಿಂದ್ಲೇ ಕಲಿತಳು."

"ಹಾಗಾದ್ರೆ ನಿಜವಾಗ್ಲೂ ಕನ್ನಡ ಬರ್ತಿತ್ತು."

"ಬರ್ತಿತ್ತು. ಆದ್ರ ನಮ್ ಕನ್ನಡ. ಶೂಟಿಂಗಿನಾಗ ಆಕಿ ಬಾಯಿ ತೆರೆದ್ರ ಎಲ್ಲರೂ ಬಿದ್ದು ಬಿದ್ದು ನಗೋರು. 'ಈ ಭಾಷೆ ಕಾಮಿಡಿಗೆ ಇಟ್ಕೊಳಮ್ಮ, ಹೀರೋಯಿನ್‌ಗೆ ಆಗಲ್ಲ' ಅಂತ ಶ್ರೀನಾಥ್ ಸಾಹೇಬ್ರು. ಟೀವಿಯವ್ರು ಬಂದ್ರ 'ಮೇಡಂಗೆ ಗಂಟಲು ನೋವು' ಅಂತ ಹೇಳಿಸೋರು. ಅದಕ್ಕೇ ನೋಡ್ರಿ, ದಿನಾ ಕಷಾಯ ಕುಡಿಯೂದು ಚಾಳಿ ಆಗಿದ್ದು. ಮೊದಲು ಸುಳ್ಳು ನೋವು, ಆಮ್ಯಾಲ ಖರೇನೇ ನೋವು."

ಒಬ್ಬ ಹೆಣ್ಣುಮಗಳು ದೂರದ ನಾಡಿನಿಂದ ಬಂದು ಕನ್ನಡ ಕಲಿತಿದ್ದಳು. ನಾಡು ಅದಕ್ಕೆ ಚಪ್ಪಾಳೆಯನ್ನೂ ತಟ್ಟಿತ್ತು. ತಟ್ಟಿದ್ದು ಮಾತ್ರ ಅವಳು ಆಡದ ಕನ್ನಡಕ್ಕೆ. ಆಡಿದ ಕನ್ನಡ ಬಾಂಡ್ಲಿ ಹೊರುವವರದು.

"ಈ ಸಲದ ಪಿಕ್ಚರಿಗೆ ನನ್ ಧ್ವನಿ ನಾನೇ ಕೊಡ್ತೀನಿ, ಇಲ್ಲಾಂದ್ರ ಟೀವಿಯಾಗ ಕೂತು ಎಲ್ಲಾ ಹೇಳ್ತೀನಿ ಅಂತ ಹಟ ಹಿಡಿದಿದ್ಳು," ಅಂದಳು ಸೌಂದರ್ಯಾ. "ಅದರ ಮುಂದ ಎಷ್ಟು ದಿನ ಉಳದಳು?"

"ಸಿನಿಮಾದಲ್ಲಿ ಅವರ ಧ್ವನಿ ಯಾರದು?"

"ಹೆಸರು ಎಲ್ಲೂ ಹಾಕೂದಿಲ್ರಿ. ಅಕ್ಕ ಮಾತ್ರ ನಗ್ತಾ ಹೇಳ್ತಿದ್ಳು, ನನ್ ಗಂಟಲು ಇಂದಿರಾನಗರದಾಗ ಅದ, ಪ್ರಿಯದರ್ಶಿನಿ ಅಂತ ಅದರ ಹೆಸರು ಅಂತ."

ಹಂಸ ಎದ್ದಳು. "ನೀನು ಠಾಣೆ ಹತ್ರವೇ ಇರು. ಅಮ್ಮನಿಗೆ ಊಟ ಕೊಡೋಕೆ ಬಿಟ್ರೆ ಕೊಡು."

"ಅಕ್ಕಾ," ಸೌಂದರ್ಯಾ ಅವಳ ಕೈ ಹಿಡಿದಳು. "ಯವ್ವ ಹೊರಗ ಬರ್ಬೇಕು. ಅಷ್ಟೇ ಸಾಕು ನನಗ. ಯಾರು ಮಾಡ್ಯಾರ, ಯಾಕ ಮಾಡ್ಯಾರ, ಅದು ಬ್ಯಾಡ."

*

ಇಂದಿರಾನಗರದ ಒಂದು ನೆಲಮಾಳಿಗೆ. ದಪ್ಪ ಬಾಗಿಲಿನ ಆಚೆ ಹೆಂಗಸೊಬ್ಬಳು ಚೀರುತ್ತಿದ್ದಳು, ನಿಲ್ಲಿಸುತ್ತಿದ್ದಳು, ಮತ್ತೆ ಚೀರುತ್ತಿದ್ದಳು.

ರೆಕಾರ್ಡಿಂಗಿನ ಕೆಂಪು ದೀಪ ಆರಿದ ಮೇಲೆ ಬಾಗಿಲು ತೆರೆಯಿತು. ಹತ್ತಿ ಸೀರೆ, ಎಣ್ಣೆಗಪ್ಪು ಮೈಬಣ್ಣ, ರಂಗದ ಮೇಲೆ ನಿಂತರೆ ಕೊನೆ ಸಾಲಿಗೂ ಕಾಣುವ ಕಣ್ಣುಗಳು.

"ಯಾರು ಬೇಕಿತ್ತು?" ಕೇಳಿದ ಧ್ವನಿ ತಗ್ಗಿನದು, ತುಸು ಗೊಗ್ಗರು. ಹಿಮಾನಿಗೂ ಅದಕ್ಕೂ ಸಂಬಂಧವೇ ಇಲ್ಲ.

"ಪ್ರಿಯದರ್ಶಿನಿ ಅವರಲ್ವಾ? ಯಾಕೆ ಚೀರ್ತಿದ್ರಿ?"

"ಬಾವಿಗೆ ಬೀಳ್ತಿದ್ದೆ. ಮೊನ್ನೆ ರೈಲಿಗೆ ಸಿಕ್ಕಿದ್ದೆ. ನಾನು ದಿನಾ ಸಾಯ್ತೀನಿ ಮೇಡಂ, ಅದೇ ನನ್ನ ಉದ್ಯೋಗ." ನಗಲಿಲ್ಲ. "ಹೊಸ ಹುಡುಗಿ ಬಂದಿದ್ದಾಳೆ, ಬ್ರೆಜಿಲ್ ಅಂತೆ. ಹಿಮಾನಿ ಜಾಗಕ್ಕೆ."

"ಅವರ ಹೆಣ ಇನ್ನೂ ಊರಿಗೆ ಹೋಗಿಲ್ಲ."

ಪ್ರಿಯದರ್ಶಿನಿ ಕುರ್ಚಿಯಲ್ಲಿ ಕೂತು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡಳು. "ನೀವು ಪ್ರೆಸ್ಸಾ?"

"ಜಟ್ಟೆಮ್ಮನ ಕಡೆಯವಳು."

ಲೋಟ ತುಟಿಯವರೆಗೆ ಹೋದದ್ದು ಅಲ್ಲೇ ನಿಂತಿತು. "ಯಾವ ಜಟ್ಟೆಮ್ಮ? ನನಗೆ ಗೊತ್ತಿಲ್ಲ."

"ಇರಲಿ. ಒಂದು ಧ್ವನಿ ಕೇಳಿಸ್ತೀನಿ. ನೀವು ಈ ಕಸುಬಿನೋರು, ಇದು ಹಿಮಾನಿದು ಹೌದೋ ಅಲ್ವೋ ಹೇಳಿ ಸಾಕು. ಪೊಲೀಸರು ಇದನ್ನ ಟೀವಿಯವರಿಗೂ ಕೊಟ್ಟಿಲ್ಲ. ಹೊರಗಿನೋರಲ್ಲಿ ಕೇಳ್ತಿರೋರು ನೀವೇ ಮೊದಲು."

ಹಂಸ ಇಯರ್‌ಫೋನಿನ ಒಂದು ಎಳೆ ಕೊಟ್ಟಳು. ಇನ್ನೊಂದನ್ನು ತನ್ನ ಕಿವಿಗೆ ಸಿಕ್ಕಿಸಿಕೊಂಡಳು. ಪ್ರಿಯದರ್ಶಿನಿ ಕಣ್ಣು ಮುಚ್ಚಿದಳು, ಮುಖ ಕಲ್ಲಾಗಿತ್ತು.

ಹಂಸ ನೋಡಿದ್ದು ಅವಳ ಮುಖವನ್ನಲ್ಲ, ಕೈಯನ್ನು.

ಡಬ್ಬಿಂಗಿನವರ ಕೈ ಸುಮ್ಮನಿರುವುದಿಲ್ಲ. ಪರದೆಯ ಮೇಲಿನ ತುಟಿ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ, ಎಲ್ಲಿ ಉಸಿರು, ಎಲ್ಲಿ ಬಿಕ್ಕು, ಎಲ್ಲವನ್ನೂ ಬೆರಳು ತಾಳ ಹಾಕಿಕೊಳ್ಳುತ್ತದೆ. ವರ್ಷಗಟ್ಟಲೆ ಹಾಕಿದ ತಾಳ ಮೈಗೆ ಅಂಟಿಬಿಡುತ್ತದೆ.

"ಸರ್... ನನಗೆ ಉಸಿರಾಡೋಕೆ ಆಗ್ತಿಲ್ಲ..."

ತೊಡೆಯ ಮೇಲೆ ತೋರುಬೆರಳು ಎದ್ದಿತು, ಬಿತ್ತು.

"ಜಟ್ಟೆಮ್ಮ ಕಷಾಯದಲ್ಲಿ ಏನೋ ಬೆರೆಸಿದ್ದಾಳೆ..."

ಬೆರಳು ಎದ್ದಿತು. "ನನಗೆ" ಎಂಬ ಮಾತು ಬಂತು. ಆಮೇಲಿನ ಬಿಕ್ಕು ಬರುವ ಮುಂಚೆಯೇ ಬೆರಳು ಗಾಳಿಯಲ್ಲಿ ನಿಂತು ಕಾಯಿತು. ಬಿಕ್ಕು ಬಂದ ಮೇಲೆ, ಸರಿಯಾಗಿ ಎರಡನೆಯ "ನನಗೆ"ಯ ಮೇಲೆ ಇಳಿಯಿತು.

ಹಂಸ ನಿಲ್ಲಿಸಿದಳು.

"ಹಿಮಾನಿದೇ," ಪ್ರಿಯದರ್ಶಿನಿ ಇಯರ್‌ಫೋನು ಕಳಚಿದಳು. "ಅನುಮಾನವೇ ಇಲ್ಲ. ಪಾಪ."

"ಅಲ್ಲೊಂದು ಬಿಕ್ಕು ಬರುತ್ತೆ ಅಂತ ನಿಮ್ಮ ಬೆರಳಿಗೆ ಹೇಗೆ ಗೊತ್ತಿತ್ತು?"

"ಏನಂದ್ರಿ?"

"ಈಗಷ್ಟೇ ಕೇಳ್ತಿದ್ದೀರಿ. ಬಿಕ್ಕು ಬರೋ ಮುಂಚೆ ನಿಮ್ಮ ಬೆರಳು ಅದಕ್ಕೆ ಜಾಗ ಬಿಟ್ಟು ಕಾಯ್ತಿತ್ತು."

ಪ್ರಿಯದರ್ಶಿನಿ ತನ್ನ ಬಲಗೈಯನ್ನು ನೋಡಿಕೊಂಡಳು. ಅದು ಯಾರದೋ ಕೈ ಎಂಬಂತೆ. ಆಮೇಲೆ ಸೀರೆಯ ಮಡಿಕೆಯೊಳಗೆ ಬಚ್ಚಿಟ್ಟಳು.

"ಹೊರಗೆ ಹೋಗಿ."

"ನಾಳೆ ಒಬ್ಬ ಹೆಂಗಸು ನಿಮ್ಮ ಮಾತಿನ ಮೇಲೆ ಜೈಲಿಗೆ ಹೋಗ್ತಾಳೆ."

"ನನ್ನ ಮಾತಲ್ಲ ಅದು! ನನ್ನ ಮಾತು ಅಂತ ಯಾವುದಿದೆ ಹೇಳಿ?" ಗೊಗ್ಗರು ಧ್ವನಿ ಒಡೆಯಿತು. "ಟ್ರ್ಯಾಕ್ ಬೇಕು ಅಂದ್ರು ಶ್ರೀನಾಥ್. ಹೊಸ ಪಿಕ್ಚರು, ಕೆಲಸದೋಳು ವಿಷ ಹಾಕೋ ಸೀನು. ಪಿಕ್ಚರ್ ಇನ್ನೂ ತೆಗೆದಿಲ್ಲ, ನೀನು ಮೊದಲು ಮಾತು ಕೊಡು, ಅದರ ಮೇಲೆ ಅವಳು ತುಟಿ ಆಡಿಸ್ತಾಳೆ ಅಂದ್ರು. ಬೇಕಾದಷ್ಟು ಸಲ ಹಂಗೆ ಮಾಡಿದ್ದೀವಿ. ಉಸಿರು ಬೇರೆ ಕೊಟ್ಟೆ, ಬಿಕ್ಕು ಬೇರೆ ಕೊಟ್ಟೆ. 'ನನಗೆ' ಅನ್ನೋದನ್ನ ಎರಡು ಸಲ ಹೇಳು, ಮಧ್ಯ ಬಿಕ್ಕು ಅಂತ ಅವರೇ ಹೇಳಿಕೊಟ್ರು. ಅಳು ಚೆನ್ನಾಗಿ ಬಂತು ಅಂತ ಬೆನ್ನು ತಟ್ಟಿದ್ರು."

"ಯಾವಾಗ?"

ಪ್ರಿಯದರ್ಶಿನಿ ಬಾಗಿಲ ಮೇಲಿನ ದೀಪದ ಕಡೆ ನೋಡಿದಳು.

"ಹಿಮಾನಿ ಆಗ ಬದುಕಿದ್ಲು."

ನೆಲಮಾಳಿಗೆಯ ಗೋಡೆಗಳು ಸದ್ದು ನುಂಗುವ ಗೋಡೆಗಳು. ಆ ಮಾತು ಬಿದ್ದಲ್ಲೇ ಉಳಿಯಿತು. ಸಾಯುವ ಮೊದಲೇ ಒಬ್ಬಳ ಸಾವಿನ ಮಾತು ತಯಾರಾಗಿತ್ತು.

"ಅವರು ಸತ್ತ ಸುದ್ದಿ ಬಂದಾಗ ನಿಮಗೆ ಅರ್ಥ ಆಯ್ತು. ಆದ್ರೂ ಸುಮ್ಮನಿದ್ರಿ."

"ಏನ್ ಹೇಳ್ಬೇಕಿತ್ತು? ನಾನು ಯಾರು ಅಂತ ಹೇಳ್ಕೊಳ್ಬೇಕಿತ್ತು?" ಪ್ರಿಯದರ್ಶಿನಿ ಎದ್ದು ನಿಂತಳು. "ನಾನೂ ಹೀರೋಯಿನ್ ಆಗೋಕೇ ಬಂದೋಳು ಮೇಡಂ. ನಾಟಕದಲ್ಲಿ ನನ್ನ ನೋಡಿ ಇದೇ ಶ್ರೀನಾಥ್ ಕರೆಸಿದ್ರು. ಲೈಟ್ ಹಾಕಿ ನೋಡಿ, 'ಧ್ವನಿ ಮಾತ್ರ ಸಾಕಮ್ಮ' ಅಂದ್ರು. ಮುಖ ಅವಳದು ಇಟ್ಕೊಂಡ್ರು, ಗಂಟಲು ನಂದು ಇಟ್ಕೊಂಡ್ರು. ಹೊರಗೆ ಎಲ್ಲೂ ಬಾಯಿ ಬಿಡಬಾರದು ಅಂತ ಸಹಿ ಹಾಕಿಸ್ಕೊಂಡ್ರು. ನನ್ನ ಧ್ವನಿಗೆ ಬಿರುದು ಕೊಟ್ಟಾಗ ನಾನು ಕೊನೆ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದ್ದೀನಿ."

"ಐನೂರಾಗೂ ಅದೇ ಆಯ್ತು. ಅವರ ಧ್ವನಿನೂ ಯಾರೂ ಕೇಳಲಿಲ್ಲ."

"ಅವಳು ಬಂದಿದ್ಲು ಇಲ್ಲಿಗೆ. ಇದೇ ಕುರ್ಚಿ. 'ಅಕ್ಕಾ, ನಿನ್ ಧ್ವನಿ ನೀ ಇಟ್ಕೋ, ನನಗ ನಂದೇ ಸಾಕು' ಅಂದ್ಲು ಆ ಭಾಷೆಯಲ್ಲಿ. ಇವಳೂ ನನ್ನ ಹೊರಗೆ ಹಾಕ್ತಿದ್ದಾಳೆ ಅಂತ ಉರಿದುಹೋದೆ ನಾನು. ಹೋಗು ಅಂದುಬಿಟ್ಟೆ." ಅವಳು ಮೈಕಿನ ಕಂಬ ಹಿಡಿದುಕೊಂಡಳು. "ವಾಪಸ್ ಕೊಡೋಕೆ ಬಂದಿದ್ಲು ಅಂತ ಆಮೇಲೆ ಹೊಳೀತು."

"ಈಗ ಠಾಣೆಗೆ ಬನ್ನಿ. ಒಂದೇ ಒಂದು ಸಲ ಆ ಮಾತು ಅವರ ಮುಂದೆ ಆಡಿ."

"ಬಂದ್ರೆ ಈ ಬಾಗಿಲು ನನಗೆ ಮುಚ್ಚುತ್ತೆ. ಎಲ್ಲಾ ಬಾಗಿಲೂ ಮುಚ್ಚುತ್ತೆ."

"ಹೌದು," ಅಂದಳು ಹಂಸ. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. "ಜಟ್ಟೆಮ್ಮನಿಗೆ ಈಗಾಗಲೇ ಮುಚ್ಚಿದೆ."

ಒಳಗಿನಿಂದ ಯಾರೋ ಕೂಗಿದರು: "ಪ್ರಿಯಾ, ಮುಂದಿನ ಸಾವು ರೆಡಿ, ಬಾಮ್ಮ!"

ಪ್ರಿಯದರ್ಶಿನಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಚೀಲ ಹೆಗಲಿಗೆ ಹಾಕಿದಳು.

"ಇವತ್ತು ಸಾಯೋದು ಮುಗೀತು ಅಂತ ಹೇಳಿ ಅವನಿಗೆ," ಎಂದು ಮೆಟ್ಟಿಲು ಹತ್ತಿದಳು.

*

ಮಸೀದಿಯಿಂದ ಸಂಜೆಯ ಬಾಂಗ್ ಕೇಳುವ ಹೊತ್ತಿಗೆ ಅವರು ಠಾಣೆಯಲ್ಲಿದ್ದರು. ಇನ್‌ಸ್ಪೆಕ್ಟರ ಕೋಣೆಯ ಗೋಡೆಗೆ ಒರಗಿ ಸೌಂದರ್ಯಾ ಖಾಲಿ ಊಟದ ಡಬ್ಬಿ ಹಿಡಿದು ನಿಂತಿದ್ದಳು.

"ಏನ್ರೀ, ಯಾರಿವರು?" ಮುನಿವೆಂಕಟಪ್ಪ ಕೇಳಿದರು.

ಪ್ರಿಯದರ್ಶಿನಿ ಹೆಸರು ಹೇಳಲಿಲ್ಲ. ಮೇಜಿನ ಅಂಚು ಹಿಡಿದು, ಕಣ್ಣು ಮುಚ್ಚಿ, ಉಸಿರನ್ನು ಗಂಟಲಿನ ಮೇಲಕ್ಕೆ ತಂದಳು.

"ಸರ್... ನನಗೆ ಉಸಿರಾಡೋಕೆ ಆಗ್ತಿಲ್ಲ... ಜಟ್ಟೆಮ್ಮ ಕಷಾಯದಲ್ಲಿ ಏನೋ ಬೆರೆಸಿದ್ದಾಳೆ..."

ಮುನಿವೆಂಕಟಪ್ಪ ಅರ್ಧ ಎದ್ದವರು ಅಲ್ಲೇ ನಿಂತುಬಿಟ್ಟರು. ಸತ್ತವಳು ಹತ್ತಿ ಸೀರೆ ಉಟ್ಟು, ಕಪ್ಪು ಮುಖ ಹೊತ್ತು, ಅವರ ಮೇಜಿನ ಮುಂದೆ ಮತ್ತೊಮ್ಮೆ ಸಾಯುತ್ತಿದ್ದಳು. ಕೊನೆಯ ಬಿಕ್ಕಿನವರೆಗೂ ಪ್ರಿಯದರ್ಶಿನಿ ನಿಲ್ಲಿಸಲಿಲ್ಲ.

"ಇನ್ನೊಂದು..." ಮುನಿವೆಂಕಟಪ್ಪ ಕೇಳಿದರು. "ಆ ಬಿರುದು ತಗೊಂಡಾಗ ಮಾತಾಡಿದ್ದು?"

"ನಾನೇ ಸರ್, ಮೊದಲೇ ರೆಕಾರ್ಡ್ ಮಾಡಿ ಕೊಟ್ಟಿದ್ದೆ. ಕನ್ನಡ ಕಲಿಯಿರಿ, ಕನ್ನಡ ಉಳಿಸಿ ಅಂದಿದ್ದೂ ನಾನೇ."

ಇನ್‌ಸ್ಪೆಕ್ಟರು ಕುರ್ಚಿಗೆ ಕುಸಿದರು. ತಮ್ಮ ಮನೆಯಲ್ಲೇ ಯಾರೋ ಸತ್ತ ಹಾಗಿತ್ತು ಅವರ ಮುಖ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆಯಮ್ಮನ್ನ ಕರ್ಕೊಂಡ್ ಬನ್ನಿ," ಅಂದರು.

ಮಹಿಳಾ ಕಾನ್‌ಸ್ಟೇಬಲ್ ಜಟ್ಟೆಮ್ಮನನ್ನು ಕರೆತಂದಳು. ಕೆದರಿದ ನೆರೆಗೂದಲು, ಒಡೆದ ಹಿಮ್ಮಡಿ. ಇಷ್ಟೂ ದಿನ ಪೊಲೀಸರಿಗೆ ಒಂದಕ್ಷರವೂ ಸಿಗದ ಬಾಯಿ ಬಿಗಿಯಾಗಿ ಮುಚ್ಚಿತ್ತು.

"ನೋಡಮ್ಮಾ," ಮುನಿವೆಂಕಟಪ್ಪನ ದನಿ ಮೆತ್ತಗಾಗಿತ್ತು. "ಆ ಮೆಸೇಜು ಹಿಮಾನಿದಲ್ಲ. ಈ ಮೇಡಂ ಆಡಿದ್ದು. ಯಾರೋ ಮಾಡಿರೋ ಮೋಸ."

ಜಟ್ಟೆಮ್ಮ ಅವರನ್ನು ನೋಡಿದಳು. ಪ್ರಿಯದರ್ಶಿನಿಯನ್ನು ನೋಡಿದಳು. ತುಟಿಗಳು ಬಿಚ್ಚಿದವು.

"ಹಂಗಾರ... ಆಕಿ ನನ್ ಹೆಸರು ಹೇಳಿಲ್ಲ?"

"ಇಲ್ಲಮ್ಮ," ಹಂಸ ಹತ್ತಿರ ಹೋದಳು. "ನಿಮ್ಮ ಮೇಲೆ ಒಂದು ಮಾತೂ ಹೇಳಿಲ್ಲ."

"ಸಾಯೂ ಮುಂದ ನನ್ನ ಬೈದಿಲ್ಲ?"

"ಇಲ್ಲ."

ಜಟ್ಟೆಮ್ಮ ನೆಲದ ಮೇಲೆ ಕುಕ್ಕರಿಸಿದಳು. ಸೆರಗು ಬಾಯಿಗೆ ತುರುಕಿಕೊಂಡು, ಸದ್ದಿಲ್ಲದೆ, ಮೈಯೆಲ್ಲ ಅಲುಗುವಂತೆ ಅತ್ತಳು. "ನನ್ ಕೂಸು... ನನ್ ಕೂಸು ನನ್ನ ಬೈದಿಲ್ಲ..." ಲಾಕಪ್ಪಿಗಿಂತ, ಜೈಲಿಗಿಂತ ಅವಳನ್ನು ತಿಂದದ್ದು ಅದೊಂದೇ ಇರಬೇಕು. ಹೊಟ್ಟೆಯಲ್ಲಿ ಹುಟ್ಟದಿದ್ದ ಮಗಳು ಸಾಯುವಾಗ ತನ್ನ ಮೇಲೆ ಬೆರಳು ತೋರಿಸಿದಳು ಎಂಬ ಮಾತು. ಪ್ರಿಯದರ್ಶಿನಿ ಮುಖ ತಿರುಗಿಸಿಕೊಂಡಳು.

ಸೌಂದರ್ಯಾ ಬಂದು ತಾಯಿಯ ಹೆಗಲು ಹಿಡಿದಳು. "ಏಳು ಯವ್ವಾ. ಮನಿಗಿ ಹೋಗೂನು."

"ತಡಿಯಮ್ಮ," ಅಂದರು ಇನ್‌ಸ್ಪೆಕ್ಟರ್. ಅವರೀಗ ಅಭಿಮಾನಿಯಾಗಿ ಉಳಿದಿರಲಿಲ್ಲ, ಮೋಸ ಹೋದ ಪೊಲೀಸಾಗಿದ್ದರು, ಅದರ ಸಿಟ್ಟು ದನಿಯಲ್ಲಿತ್ತು. "ಶ್ರೀನಾಥನ್ನ ನಾನು ಬಿಡಲ್ಲ. ಆದ್ರೆ ಮೆಸೇಜು ಸುಳ್ಳಾದ್ರೂ ಲೋಟದಲ್ಲಿದ್ದ ಪುಡಿ ಸುಳ್ಳಲ್ಲ. ಅವನು ಅವತ್ತು ಆ ಮನೆ ಹತ್ರಾನೂ ಸುಳಿದಿಲ್ಲ, ನಾನೇ ಕ್ಯಾಮೆರಾ ನೋಡಿದ್ದೀನಿ. ಅಂದ್ರೆ ಯಾರೋ ಒಳಗೆ ತಂದ್ಕೊಟ್ಟಿದ್ದಾರೆ, ಯಾರೋ ಆ ಫೋನ್ ಮುಟ್ಟಿದ್ದಾರೆ. ಈಗ ಮೊದಲಿಂದ ಶುರು. ಆ ಮನೆಗೆ ಹೋಗಿ ಬರ್ತಿದ್ದೋರನ್ನೆಲ್ಲ ಒಬ್ಬೊಬ್ಬರನ್ನೇ ಕೂರಿಸಿ..."

"ಯಾರ್ನೂ ಕೇಳಬ್ಯಾಡ್ರಿ."

ಜಟ್ಟೆಮ್ಮ ಎದ್ದು ನಿಂತಿದ್ದಳು. ಅಳು ಪೂರ್ತಿ ನಿಂತಿತ್ತು.

"ಏನಮ್ಮಾ?"

"ನಾನೇ ಹಾಕೀನಿ. ಗುಳಿಗಿ ಅರದು ಕಷಾಯದಾಗ ನಾನೇ ಹಾಕೀನಿ. ಫೋನೂ ನಾನೇ ಮುಟ್ಟೀನಿ. ಬರ್ಕೋರಿ ಸಾಹೇಬ್ರ, ಹೆಬ್ಬೆಟ್ಟು ಒತ್ತತೀನಿ. ನಾಳಿಗಿ ಕೋರ್ಟಿಗಿ ಕರ್ಕೊಂಡು ನಡೀರಿ."

ಜಟ್ಟೆಮ್ಮ ಇನ್‌ಸ್ಪೆಕ್ಟರನ್ನು ನೋಡುತ್ತಿದ್ದಳು, ಬಾಗಿಲು ನೋಡುತ್ತಿದ್ದಳು, ಹಂಸಳನ್ನು ನೋಡಿ ಕೈ ಮುಗಿದಳು. ಕೋಣೆಯಲ್ಲಿ ಒಬ್ಬರ ಕಡೆಗೆ ಮಾತ್ರ ಅವಳ ಕಣ್ಣು ಹಾಯಲೇ ಇಲ್ಲ. ತನ್ನ ಹೆಗಲ ಮೇಲೆ ಕೈ ಇಟ್ಟುಕೊಂಡಿದ್ದ ಮಗಳ ಕಡೆಗೆ.

ಬಾಯಿ ಹೊಲಿದುಕೊಂಡಿದ್ದು ಹೆದರಿ ಅಲ್ಲ. ಹಂಸಳಿಗೆ ಈಗ ಹೊಳೆಯಿತು. ತಾಯಿ ಇಷ್ಟು ದಿನ ಲಾಕಪ್ಪಿನ ಬಾಗಿಲಿಗೆ ಅಡ್ಡವಾಗಿ ಕೂತಿದ್ದಳು, ಮಗಳು ಅದರೊಳಗೆ ಬರದಂತೆ. ಆ ಅಡ್ಡವನ್ನು ತೆಗೆದವಳು ತಾನೇ.

"ಸೌಂದರ್ಯಾ," ಅವಳು ಮೆಲ್ಲಗೆ ಕೇಳಿದಳು, "ಆ ಮನೆಗೆ ಕಷಾಯದ ಪುಡಿ ತಂದುಕೊಡ್ತಿದ್ದಿದ್ದು ಯಾರು?"

ಸೌಂದರ್ಯಾ ತಾಯಿಯ ಹೆಗಲಿನಿಂದ ಕೈ ತೆಗೆದಳು. ಅಳಲಿಲ್ಲ, ಬೆಚ್ಚಲಿಲ್ಲ. ಬೆಳಗ್ಗೆ ಮಾಸ್ಕ್ ರೋಡಿನಲ್ಲಿ ಕೈ ಹಿಡಿದು ಬೇಡಿಕೊಂಡವಳ ದನಿ ಅದಾಗಿರಲಿಲ್ಲ.

"ಅಕ್ಕಾ, ನಿಮ್ ಕೆಲಸ ಮುಗೀತು," ಅಂದಳು. "ಇನ್ನ ಮನಿಗಿ ನಡೀರಿ."